ತಿಪ್ಪೆ ಸೇರಿದ ಚೆಂಡುಹೂವು

ಅಕ್ಕನ ಬೆರಳುಗಳು ಚೆಂಡುಹೂವಿನ ರಸ ಹತ್ತಿ ಹತ್ತಿ ಕಪ್ಪಗಾಗಿದ್ದವು. ಎಷ್ಟು ಸೋಪು ಹಾಕಿ ಉಜ್ಜಿದರೂ ಆ ಘಾಟು ವಾಸನೆ ಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮುದ್ದೆ ಮುರಿಯುತ್ತಾ, "ನನ್ ಸಾರಿಗೆ ಬ್ಯಾರೆ ಒಗ್ಗರಣೆನೇ ಬ್ಯಾಡ ಕಣವ್ವ" ಎಂದು ನಗುತ್ತಿದ್ದರು.

ಬಾಗಲೂರಿನ ಕಡೆ ನಮ್ಮ ಮನೆಗೆ ಅಂಟಿಕೊಂಡಂತೆ ನನ್ನ ದೊಡ್ಡಪ್ಪನ ಹೊಲವಿತ್ತು. ಅದನ್ನು ಬಾಯಿಮಾತಿನ ಗುತ್ತಿಗೆಗೆ ಹಿಡಿದು ಅಕ್ಕ ಒಬ್ಬರೇ ಹೂವು ಬೆಳೆಯುತ್ತಿದ್ದರು. ನಮಗೆ ನಂಟಲ್ಲ, ರೂಢಿಗೆ ಅಕ್ಕ. ಗಂಡ ಇಲ್ಲ, ಮಕ್ಕಳಿಲ್ಲ. ಬೆಳಗಿನ ಬಸ್ಸಿಗೆ ಹೂವಿನ ಮಂಕರಿ ಏರಿಸಿ ಯಲಹಂಕದ ಸಂತೆಗೆ ಹೊರಟರೆಂದರೆ ಕಂಡಕ್ಟರಿಗೂ ಒಂದು ಹೂವು, ಬೈಗುಳವೂ ಒಂದು.

ಕೊರೊನಾ ಬಂತು. ಗುಡಿಗಳ ಬಾಗಿಲು ಹಾಕಿದರು, ಮದುವೆಗಳು ನಿಂತವು, ಸಂತೆ ಮುಚ್ಚಿತು. ಸುತ್ತಮುತ್ತಲಿನವರೆಲ್ಲ ಹೂವನ್ನು ಗಿಡದಲ್ಲೇ ಒಣಗಲು ಬಿಟ್ಟರು. ಅಕ್ಕ ಮಾತ್ರ ದಿನಾ ಕಿತ್ತು ಬದುವಿನ ಮೇಲೆ ಸುರಿಯುತ್ತಿದ್ದರು. "ಯಾಕಕ್ಕ ಸುಮ್ಮನೆ ಮೈ ನೋಯಿಸ್ಕೊಳ್ತೀರಾ?" ಅಂದೆ.

"ಬಲಿತ ಊವ ಗಿಡದಾಗೇ ಬುಟ್ರೆ ಮೊಗ್ಗು ನಿಂತೋಯ್ತದೆ ಕಣವ್ವ. ಸಂತೆ ಇಲ್ಲ ಅಂತ ಗಿಡಕ್ಕೆ ಗೊತ್ತಾ?"

ಆಮೇಲೆ ಹೂವು ಬೆಳೆದವರಿಗೆ ಸರ್ಕಾರ ಪರಿಹಾರ ಕೊಡುತ್ತದೆ ಎಂಬ ಸುದ್ದಿ ಬಂತು. ಗುತ್ತಿಗೆ ಹಣ ಕೊಡದಿದ್ದರೆ ಹೊಲ ಬಿಡು ಎಂದು ದೊಡ್ಡಪ್ಪ ಆಗಲೇ ಹೇಳಿಯಾಗಿತ್ತು. (ಅವನಿಗೆ 'ಅವರು' ಎನ್ನಲು ನನಗೆ ಬಾಯಿ ಬರುವುದಿಲ್ಲ.) ಪರಿಹಾರ ಬಂದರೆ ಹೊಲ ಉಳಿಯುತ್ತದೆ ಎಂದು ಅಕ್ಕ ಕಾದರು.

ಸಮೀಕ್ಷೆಯವನು ಮೊಬೈಲ್ ಹಿಡಿದು ಬಂದ. ಗಿಡಗಳೆಲ್ಲ ಹಸಿರಾಗಿ, ಚೊಕ್ಕವಾಗಿ ನಿಂತಿದ್ದವು.

"ಏನಮ್ಮಾ, ಹೂವೇ ಇಲ್ವಲ್ಲ? ಎಲ್ಲಾ ಮಾರ್ಕೊಂಡು ಈಗ ನಷ್ಟ ಅಂತೀಯಾ?"

ಅಕ್ಕ ಬದುವಿನ ರಾಶಿ ತೋರಿಸಿದರು. "ಇದ್ಯಾರದೋ ಏನೋ" ಎಂದು ಮೂಗು ಮುಚ್ಚಿಕೊಂಡ. ಅಷ್ಟರಲ್ಲಿ ದೊಡ್ಡಪ್ಪ ಇಸ್ತ್ರಿ ಪಂಚೆ ಎತ್ತಿಕೊಂಡು ಬಂದು ಅದೇ ರಾಶಿಯ ಮೇಲೆ ನಿಂತ. "ನಮ್ದೇ ಸಾರ್ ತೋಟ, ಪಹಣಿ ನನ್ನೆಸ್ರಲ್ಲೇ ಇದೆ. ನೋಡಿ, ಎಲ್ಲಾ ತಿಪ್ಪೆಗೆ ಹೋಯ್ತು." ಆ ಮಹಾಶಯ ತಕ್ಷಣ, "ಅಯ್ಯೋ ಪಾಪ, ಎಷ್ಟೊಂದು ಲಾಸು!" ಎಂದು ಫೋಟೋ ತೆಗೆದ. ಥೂ! ಒಂದೇ ರಾಶಿ, ಅಕ್ಕ ತೋರಿಸಿದರೆ ಕಸ, ಇವನು ತುಳಿದರೆ ಬೆಳೆ.

"ಬೆಳ್ದೋಳು ನಾನು ಸ್ವಾಮಿ" ಎಂದು ಅಕ್ಕ ಕೈ ಮುಂದೆ ಚಾಚಿದರು. ಆ ಕಪ್ಪು ಬೆರಳುಗಳನ್ನು ಸಮೀಕ್ಷೆಯವನು ನೋಡಲೂ ಇಲ್ಲ. ನಾನು ಕೂಗಾಡಿದೆ. "ಸುಮ್ನಿರಮ್ಮ, ಮನೆ ಮಾನ ಕಳೀಬೇಡ" ಅಂದ ದೊಡ್ಡಪ್ಪ. ಮಾನವಂತೆ!

ಪರಿಹಾರ ಬಂತು, ದೊಡ್ಡಪ್ಪನ ಖಾತೆಗೆ. ಆ ದುಡ್ಡಲ್ಲಿ ಅವನು ಹೊಲಕ್ಕೆ ಕಬ್ಬಿಣದ ಗೇಟು ಹಾಕಿಸಿ ಬೀಗ ಜಡಿದ. ಗೇಟಿನ ಮೇಲೆ ಸರ್ಕಾರಕ್ಕೆ ಧನ್ಯವಾದ ಹೇಳುವ ಫ್ಲೆಕ್ಸು, ಅದರಲ್ಲಿ ಹಲ್ಲು ಕಿಸಿದ ಇವನ ಮುಖ.

ಅಕ್ಕ ಗೇಟಿನಾಚೆ ನಿಂತು ಕಂಬಿಗಳ ನಡುವೆ ನೋಡಿದರು. ಶಾಪ ಹಾಕಲಿಲ್ಲ. "ಯಾರಾದ್ರೂ ಬಲಿತಿರೋದ್ನ ಕೀಳ್ಬಾರ್ದಾ" ಅಂದರು ಅಷ್ಟೇ. ಹೊರಡುವ ಮುನ್ನ ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ ಒಂದು ಹಿಡಿ ಬೀಜ ಹಾಕಿದರು. ಆಮೇಲೆ ಅಮೃತಹಳ್ಳಿಯ ಒಂದು ಹೂವಿನಂಗಡಿಯಲ್ಲಿ ಕೂಲಿಗೆ ಹಾರ ಕಟ್ಟುತ್ತಿದ್ದರು. ಹೋದ ವರ್ಷ ಅಲ್ಲೇ, ಬಾಡಿಗೆ ಕೋಣೆಯಲ್ಲಿ ತೀರಿಕೊಂಡರು.

ಆ ಬೀಜ ನಮ್ಮ ತಾರಸಿಯ ಕುಂಡಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಅರಳುತ್ತಲೇ ಇದೆ. ಬೆಳಗೆದ್ದು ಬಲಿತದ್ದನ್ನು ಕೀಳುತ್ತೇನೆ. ನನ್ನ ಬೆರಳೂ ಕಪ್ಪಗಾಗಿದೆ, ಅನ್ನಕ್ಕೂ ಅದೇ ವಾಸನೆ.

ಮೊನ್ನೆ ದೊಡ್ಡಪ್ಪ ಆ ಹೊಲವನ್ನು ಲೇಔಟ್ ಮಾಡುವ ಪೂಜೆ ಇಟ್ಟುಕೊಂಡಿದ್ದ. "ನಿಮ್ಮನೇಲಿ ಚೆಂಡುಹೂವು ಬೇಕಾದಷ್ಟಿದೆಯಂತೆ, ಒಂದ್ ಬುಟ್ಟಿ ಕಳ್ಸು" ಎಂದು ಫೋನ್ ಮಾಡಿದ.

"ಈಗಷ್ಟೇ ಕಿತ್ತು ತಿಪ್ಪೆಗೆ ಹಾಕಿದ್ದೀನಿ ದೊಡ್ಡಪ್ಪ" ಅಂದೆ. "ಬಂದು ಮೇಲೆ ನಿಂತ್ಕೊ. ಫೋಟೋ ನಾನೇ ತೆಗೀತೀನಿ."