ಭೈರಮ್ಮ ಸುರಿಸದ ಆನಂದಬಾಷ್ಪ

ಕೊಪ್ಪದ ಮಲೆಸಿರಿ ಸೇವಾ ಕ್ಲಬ್ಬಿಗೆ ನಾನು ಕಾರ್ಯದರ್ಶಿಯಾದದ್ದು ೨೦೦೫ರ ಜುಲೈನಲ್ಲಿ. ನನ್ನ ಸೇವಾ ಮನೋಭಾವ ಕಂಡು ಆರಿಸಿದರು ಎಂದೇ ಬಹಳ ದಿನ ನಂಬಿಕೊಂಡಿದ್ದೆ. ಪೇಟೆಯಲ್ಲಿ ನನ್ನದೊಂದು ಪ್ರೆಸ್ಸು ಇದೆ, ಕ್ಲಬ್ಬಿನ ತಿಂಗಳ ಪತ್ರಿಕೆ ಅಚ್ಚಾಗುವುದು ಅಲ್ಲೇ, ಬರೆಯುವವನೂ ಅಚ್ಚು ಹಾಕುವವನೂ ಒಬ್ಬನೇ ಆದರೆ ತಡವಾಗುವುದಿಲ್ಲ ಎಂಬುದು ನಿಜವಾದ ಕಾರಣವೆಂದು ಅಧ್ಯಕ್ಷ ವಿಜಯ್ ಆಮೇಲೊಮ್ಮೆ ಬಾಯಿಬಿಟ್ಟ.

ತಡ ಮಾತ್ರ ಎಂದೂ ಆಗಲಿಲ್ಲ. ಏಕೆಂದರೆ ನಾನು ವರದಿಯನ್ನು ಕಾರ್ಯಕ್ರಮಕ್ಕೆ ಮೊದಲೇ ಬರೆದು ಮುಗಿಸುತ್ತಿದ್ದೆ. ಪ್ರಾರ್ಥನೆ, ಸ್ವಾಗತ, ದೀಪ, ಅತಿಥಿಗಳ ಎರಡು ಮಾತು, ವಂದನಾರ್ಪಣೆ, ಉಪ್ಪಿಟ್ಟು. ನರಸಿಂಹರಾಜಪುರದಲ್ಲಿ ಸಸಿ ನೆಟ್ಟರೂ ಅಷ್ಟೇ, ಕಿಗ್ಗದಲ್ಲಿ ಮಕ್ಕಳಿಗೆ ಪುಸ್ತಕ ಹಂಚಿದರೂ ಅಷ್ಟೇ. ಊರಿನ ಹೆಸರು ಬದಲಾಯಿಸಿದರೆ ಆಯಿತು. ಸದಸ್ಯರ ಸುದ್ದಿಗೂ ಇದೇ ಪದ್ಧತಿ. ನಮ್ಮದೇ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದಾಗ ‘ಗಜಾನನ ಭಟ್ ದಂಪತಿ ಬೆಳ್ಳಿಹಬ್ಬವನ್ನು ಸಂಭ್ರಮದಿಂದ ಆಚರಿಸಿಕೊಂಡರು’ ಎಂದು ಹಾಕಿದ್ದೆ. ನನ್ನ ಹೆಂಡತಿ ಸುಲೋಚನ ಅದನ್ನು ಓದಿ, “ಎಲ್ಲಿ ಆಯ್ತು ಇದು? ನನ್ನನ್ನೂ ಕರ್ದಿದ್ರೆ ಬರ್ತಿದ್ದೆ” ಎಂದಳು. ಬುದ್ಧಿ ಬರುವವನಾಗಿದ್ದರೆ ಅಂದೇ ಬರಬೇಕಿತ್ತು.

ಸೆಪ್ಟೆಂಬರಿನಲ್ಲಿ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಶಾಲೆಯಲ್ಲಿ ಉಚಿತ ಕಣ್ಣಿನ ಶಿಬಿರ ಇಟ್ಟೆವು. ಭೈರಮ್ಮನನ್ನು ಕಂಡದ್ದು ಅಲ್ಲಿ. ಅರವತ್ತು ದಾಟಿದ ಹೆಂಗಸು, ಮೂವತ್ತು ವರ್ಷದಿಂದ ಅಡಿಕೆ ಸುಲಿಯುವ ಕೆಲಸ. ನಾರ್ವೆಯಿಂದ ಹರಿಹರಪುರದವರೆಗೆ ನಾಲ್ಕಾರು ಮನೆಗಳ ಅಂಗಳದಲ್ಲಿ ಆಕೆಯ ಮೆಟ್ಟುಗತ್ತಿಗೆ ಒಂದು ಜಾಗ ಮೀಸಲು. ಗಂಡ ಹೋದ ಮೇಲೆ ಆ ಕತ್ತಿಯ ಮಣೆಯ ಮೇಲೆ ಕೂತೇ ಮಗಳನ್ನು ಓದಿಸಿ ಮದುವೆ ಮಾಡಿದವಳು. ಪಕ್ಕದವರು ಒಂದು ಬುಟ್ಟಿ ಮುಗಿಸುವುದರೊಳಗೆ ಆಕೆಯದು ಎರಡಾಗುತ್ತಿತ್ತಂತೆ. ಈಗ ಎರಡೂ ಕಣ್ಣಿಗೆ ಪೊರೆ. ಹೋದ ಸುಗ್ಗಿಯಲ್ಲಿ ಹೆಬ್ಬೆರಳು ಕೊಯ್ದುಕೊಂಡಳು. ಅಂದಿನಿಂದ ಸುಲಿಯುವ ಸಾಲಿನಿಂದ ಎಬ್ಬಿಸಿ ಸಿಪ್ಪೆ ಹೊರಲು ಹಾಕಿದ್ದರು.

“ಸಿಪ್ಪೆ ಯಾರು ಬೇಕಾದ್ರೂ ಹೊರ್ತಾರೆ ಭಟ್ರೇ” ಎಂದಳು. “ದೀಪಾವಳಿ ಕಳ್ದು ಸುಲಿಯೂದು ಶುರುವಾಗೂದ್ರೊಳಗೆ ನಂಗೆ ಒಂದಾದ್ರೂ ಕಣ್ಣು ಬೇಕು. ಈ ಸಲ ಕೂರ್ಲಿಲ್ಲ ಅಂದ್ರೆ ನನ್ನ ಜಾಗಕ್ಕೆ ಬೇರೆಯವ್ರು ಬತ್ತಾರೆ.”

“ಎಂತದೂ ಹೆದರ್ಬೇಡ, ನಾನಿದೀನಲ್ಲ” ಎಂದೆ. ನಾನಿರುವುದೇ ಹೆದರಬೇಕಾದ ವಿಷಯವೆಂದು ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಡಾಕ್ಟರು ಇಪ್ಪತ್ತೆರಡು ಜನರಿಗೆ ಆಪರೇಷನ್ ಬರೆದರು. ಮೊದಲ ಗುರುವಾರ ಅರ್ಧ ಜನ, ಮುಂದಿನ ಗುರುವಾರ ಉಳಿದರ್ಧ, ವಿಜಯನ ವ್ಯಾನಿನಲ್ಲಿ ಶಿವಮೊಗ್ಗಕ್ಕೆ ಹೋಗುವುದೆಂದಾಯಿತು. ಭೈರಮ್ಮನ ಹೆಸರು ಮೊದಲ ಗುರುವಾರವೇ ಇತ್ತು. ಕಾರ್ಯದರ್ಶಿಯಾಗಿ ನಾನೂ ಜೊತೆಗೆ ಹೋಗಬೇಕಿತ್ತು. ಆದರೆ ನಮ್ಮ ಕ್ಲಬ್ಬುಗಳ ವಲಯಾಧ್ಯಕ್ಷರು ದಸರಾ ಮುಗಿದ ಕೂಡಲೇ ಭೇಟಿ ಕೊಡುವವರಿದ್ದರು. ಶೃಂಗೇರಿಯ ಕ್ಲಬ್ಬಿಗೂ ನಮಗೂ ‘ಉತ್ತಮ ವರದಿ’ ಪ್ರಶಸ್ತಿಗೆ ಪೈಪೋಟಿ. ಹಾಗಾಗಿ ಆ ಗುರುವಾರ ರೋಗಿಗಳು ಆಸ್ಪತ್ರೆಯಲ್ಲಿದ್ದಾಗ ನಾನು ಪ್ರೆಸ್ಸಿನಲ್ಲಿ ಕೂತು, ಅವರು ಆಸ್ಪತ್ರೆಯಿಂದ ಹೇಗೆ ಬಂದರು ಎಂದು ಬರೆಯುತ್ತಿದ್ದೆ. ‘ನಾರ್ವೆಯ ಭೈರಮ್ಮನವರು ಕಣ್ಣಿನ ಕಟ್ಟು ಬಿಚ್ಚುತ್ತಲೇ ಲೋಕವನ್ನು ಹೊಸದಾಗಿ ಕಂಡು ಆನಂದಬಾಷ್ಪ ಸುರಿಸಿದರು.’ ಎದುರಿಗೆ ಏಕವಚನದಲ್ಲಿ ಮಾತಾಡಿಸಿದವಳನ್ನು ಅಚ್ಚಿನಲ್ಲಿ ‘ಅವರು’ ಮಾಡಿದ್ದೆನಲ್ಲ, ಅದೂ ಒಂದು ಸೇವೆ ಎಂದೇ ಭಾವಿಸಿದ್ದೆ.

ನಡೆದದ್ದು ಬೇರೆ. ಭೈರಮ್ಮನಿಗೆ ಬಿ.ಪಿ. ಏರಿತ್ತು. ಮಾತ್ರೆ ಕೊಟ್ಟು, ಮುಂದಿನ ಗುರುವಾರ ಬರಲು ಹೇಳಿ ಕಳಿಸಿದ್ದರು. ವಿಜಯ್ ಅದನ್ನು ಚೀಟಿಯಲ್ಲಿ ಬರೆದು ನನ್ನ ಮೇಜಿನ ಮೇಲಿಟ್ಟು ಹೋಗಿದ್ದ. ನಾನು ಅದರ ಮೇಲೆ ಪ್ರೂಫಿನ ಕಟ್ಟು ಇಟ್ಟೆ. ಮುಂದಿನ ಗುರುವಾರಕ್ಕೆ ವ್ಯಾನಿನ ಡ್ರೈವರಿಗೆ ಪಟ್ಟಿ ಮಾಡಿಕೊಡುವಾಗ, ಆಗಲೇ ಯಾರ ಯಾರ ಆಪರೇಷನ್ ಮುಗಿದಿದೆ ಎಂದು ತಿಳಿಯಲು ನಾನು ನೋಡಿದ್ದು ಯಾವುದನ್ನು? ನನ್ನದೇ ಪತ್ರಿಕೆಯನ್ನು. ಅದರಲ್ಲಿ ಭೈರಮ್ಮ ಅತ್ತೂ ಆಗಿತ್ತು. ಹೆಸರು ಹೊಡೆದು ಹಾಕಿದೆ.

ಶುಕ್ರವಾರ ಬೆಳಿಗ್ಗೆ ಆಕೆ ಪ್ರೆಸ್ಸಿಗೆ ಬಂದಳು. ಕೈ ಹಿಡಿದು ಕರೆತಂದವಳು ನಾರ್ವೆಯ ಅಂಗನವಾಡಿ ಟೀಚರ್ ಭವ್ಯ, ಅವಳ ಕೈಯಲ್ಲಿ ನಮ್ಮ ಪತ್ರಿಕೆ.

“ನಿನ್ನೆ ಬೆಳಿಗ್ಗೆ ಆರು ಗಂಟೆಯಿಂದ ಬಸ್‌ಸ್ಟಾಪಲ್ಲಿ ಕೂತಿದ್ರು ಸರ್” ಎಂದಳು ಭವ್ಯ. “ವ್ಯಾನು ನಿಲ್ಲಿಸ್ಲೇ ಇಲ್ಲ.”

ಭೈರಮ್ಮ ನಾನಿದ್ದ ಕಡೆಗೆ ಅಂದಾಜಿನಲ್ಲಿ ಮುಖ ಮಾಡಿದಳು. ನಿಜಕ್ಕೂ ತಿರುಗಿದ್ದು ಮುದ್ರಣ ಯಂತ್ರದ ಕಡೆಗೆ, ಪರವಾಗಿಲ್ಲ, ನನಗಿಂತ ಅದರಿಂದಲೇ ಜನರಿಗೆ ಹೆಚ್ಚು ಉಪಯೋಗ. “ಭಟ್ರೇ, ಈ ಟೀಚರಮ್ಮ ಓದಿ ಹೇಳಿದ್ಲು. ನಾನು ಅತ್ತೆ ಅಂತ ಹಾಕೀರಂತೆ. ಯಾವಾಗ ಅತ್ತೆ ನಾನು?”

ನಾಚಿಕೆಯಾಯಿತು ಎಂದರೆ ಕಡಿಮೆಯಾಗುತ್ತದೆ. ಮೇಜಿನ ಕೆಳಗೆ ಹೋಗಿ ಕೂರುವ ಹಾಗಾಯಿತು.

ಆಸ್ಪತ್ರೆಗೆ ಫೋನ್ ಮಾಡಿದೆ. ಶಿಬಿರದ ಉಚಿತ ಆಪರೇಷನ್ ಮುಗಿದಿದೆ, ಇನ್ನು ಮಾರ್ಚಿನಲ್ಲಿ ಎಂದರು. ಕೈಕಾಲು ಹಿಡಿಯುವಷ್ಟು ಬೇಡಿಕೊಂಡ ಮೇಲೆ ಒಂದು ದಾರಿ ಹೇಳಿದರು. ಹೆಸರು ಹೇಗೆ ಬಿಟ್ಟುಹೋಯಿತೆಂದು ಕ್ಲಬ್ಬು ಲಿಖಿತವಾಗಿ ಕೊಡಬೇಕು, ಅದರ ಒಂದು ನಕಲು ವಲಯಾಧ್ಯಕ್ಷರಿಗೂ ಹೋಗಬೇಕು, ಅದೂ ದಸರಾ ರಜೆಗೆ ಮೊದಲು. ಹಾಗಾದರೆ ಸೋಮವಾರ ಸೇರಿಸಿಕೊಳ್ಳುತ್ತೇವೆ.

“ವಲಯಾಧ್ಯಕ್ಷರು ಬಂದು ಹೋದ್ಮೇಲೆ ಕೊಟ್ರೆ ಆಗಲ್ವಾ ಮಾರಾಯ್ರೆ?” ಎಂದ ವಿಜಯ್. ಆಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಸಹಿ ಹಾಕಿ ಖಾಲಿ ಲೆಟರ್‌ಹೆಡ್ ಕೊಟ್ಟು ಹೋದ.

ಮೂರು ಪತ್ರ ಬರೆದೆ. ಮೊದಲನೆಯದರಲ್ಲಿ ‘ತಾಂತ್ರಿಕ ಕಾರಣಗಳಿಂದ’ ಎಂದಿತ್ತು. ಎರಡನೆಯದರಲ್ಲಿ ‘ಸಂವಹನದ ಕೊರತೆಯಿಂದ’. ಮೂರನೆಯದರಲ್ಲಿ ತಪ್ಪನ್ನು ಹೆಚ್ಚುಕಡಿಮೆ ಭೈರಮ್ಮನ ಬಿ.ಪಿ.ಯ ತಲೆಗೆ ಕಟ್ಟಿದ್ದೆ. ಊಟಕ್ಕೆ ಕರೆಯಲು ಬಂದ ಸುಲೋಚನ ಮೂರನ್ನೂ ಓದಿದಳು.

“ನೋಡದೇ ಬರ್ದೆ ಅಂತ ಬರೀರಿ. ಅಷ್ಟೇ ಅಲ್ವಾ ಆಗಿದ್ದು?”

ಅಷ್ಟೇ ಆಗಿತ್ತು. ಒಂದೇ ಸಾಲು ಸಾಕಾಯಿತು. ನನ್ನ ಪತ್ರಿಕಾ ವೃತ್ತಿಯಲ್ಲಿ ಬರೆದ ಅತಿ ಚಿಕ್ಕ ವರದಿ ಅದು, ನಡೆದ ಮೇಲೆ ಬರೆದದ್ದರಲ್ಲಿ ಮೊದಲನೆಯದೂ ಅದೇ.

ಸೋಮವಾರ ಮೊದಲ ಬಸ್ಸಿಗೆ ನಾನೂ ಭೈರಮ್ಮನೂ ಶಿವಮೊಗ್ಗಕ್ಕೆ ಹೊರಟೆವು. ದಾರಿಯುದ್ದಕ್ಕೂ ಆಕೆ ಮಾತ್ರೆಯ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು, ಬಿ.ಪಿ. ಏರಿದ್ದು ನನಗೆ. ಈ ಸಲ ಏನೂ ತೊಂದರೆಯಾಗಲಿಲ್ಲ, ಒಂದು ಕಣ್ಣಿನ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ನರ್ಸ್ ಕಟ್ಟು ಬಿಚ್ಚುವಾಗ ನಾನು ಎದುರಿಗೇ ನಿಂತೆ. ನಿಜ ಹೇಳುತ್ತೇನೆ, ಆ ಆನಂದಬಾಷ್ಪ ಈಗಲಾದರೂ ಬರಲಿ, ನನ್ನ ವರದಿ ಸ್ವಲ್ಪವಾದರೂ ನಿಜವಾಗಲಿ ಎಂಬ ಆಸೆ ಇನ್ನೂ ಸತ್ತಿರಲಿಲ್ಲ.

ಭೈರಮ್ಮ ಕಣ್ಣು ಕಿರಿದು ಮಾಡಿ, ಮೊದಲು ತನ್ನ ಹೆಬ್ಬೆರಳ ಗಾಯದ ಗುರುತನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ಮುಖದಿಂದ ಹೊಟ್ಟೆಗಿಳಿದ ನೋಟ ಅಲ್ಲೇ ನಿಂತಿತು.

“ಭಟ್ರೇ, ಅಂಗಿ ಗುಂಡಿ ತಪ್ಪು ಹಾಕ್ಕಂಡೀರಿ.”

ನಿಜ. ಹಿಂದಿನ ದಿನ ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ಹಾಕಿಕೊಂಡದ್ದು, ಅದೇ ಅಂಗಿಯಲ್ಲಿ ಕೊಪ್ಪದಿಂದ ಶಿವಮೊಗ್ಗದವರೆಗೆ ಬಂದಿದ್ದೆ. ಕಣ್ಣಿದ್ದವರು ಒಬ್ಬರೂ ಹೇಳಿರಲಿಲ್ಲ. ಗುಂಡಿ ಸರಿಮಾಡಿಕೊಳ್ಳಲು ತಲೆ ತಗ್ಗಿಸಿದವನಿಗೆ ಗುಂಡಿಗಳೇ ಕಾಣಲಿಲ್ಲ, ಕಣ್ಣು ತುಂಬಿಬಂದಿತ್ತು.

ದೀಪಾವಳಿ ಕಳೆದ ಮೇಲೆ ತಿದ್ದುಪಡಿ ಬರೆದುಕೊಂಡು ನಾರ್ವೆಗೆ ಹೋದೆ. ಅಚ್ಚಿಗೆ ಮೊದಲು ಓದಿ ಹೇಳಬೇಕೆನಿಸಿತ್ತು. ಭೈರಮ್ಮ ತನ್ನ ಜಾಗದಲ್ಲೇ ಕೂತಿದ್ದಳು, ಪಕ್ಕದಲ್ಲಿ ಎರಡನೇ ಬುಟ್ಟಿ ತುಂಬುತ್ತಿತ್ತು. ನಾನು ಓದಿದೆ: ‘ಹಿಂದಿನ ಸಂಚಿಕೆಯಲ್ಲಿ ಭೈರಮ್ಮನವರು ಆನಂದಬಾಷ್ಪ ಸುರಿಸಿದರೆಂದು ಪ್ರಕಟವಾದದ್ದು ಸುಳ್ಳು. ಆಗ ಅವರಿಗೆ ಆಪರೇಷನ್ನೇ ಆಗಿರಲಿಲ್ಲ. ಈಗ ಆಗಿದೆ. ಅತ್ತವನು ಕಾರ್ಯದರ್ಶಿ.’

ಆಕೆಯ ಕೈ ಒಂದು ಕ್ಷಣವೂ ನಿಲ್ಲಲಿಲ್ಲ.

“ಗುಂಡಿ ವಿಷ್ಯ ಬಿಟ್ಟೀರಿ” ಎಂದಳು.

ಪ್ರೆಸ್ಸಿಗೆ ಬಂದು ಅದನ್ನೂ ಸೇರಿಸಿದೆ. ಆ ವರ್ಷದ ಉತ್ತಮ ವರದಿ ಪ್ರಶಸ್ತಿ ಶೃಂಗೇರಿಗೆ ಹೋಯಿತು.