ಕಣ್ಣಿಗೆ ಬೀಳುವ ವಿದ್ಯೆ

ನನಗೆ ಬೇಸ್‌ಬಾಲ್ ಹೇಳಿಕೊಟ್ಟವರು ಜನ್ಮದಲ್ಲಿ ಬೇಸ್‌ಬಾಲ್ ಆಡಿದವರಲ್ಲ. ಓಲ್ಡ್ ಬ್ರಿಡ್ಜ್ ಎಂಬ ಹತ್ತಿರದ ಊರಿನಲ್ಲಿದ್ದ ಅಪ್ಪನ ಸ್ನೇಹಿತರು ಅವರು. ಅವರ ಮಗ ಹೈಸ್ಕೂಲ್ ಟೀಮಿನಲ್ಲಿ ಎರಡು ವರ್ಷ ಇದ್ದು ಬಿಟ್ಟಿದ್ದ. ಆ ಎರಡು ವರ್ಷ ಇವರು ಬೇಲಿಯ ಆಚೆ ಮಡಚುವ ಕುರ್ಚಿ ಹಾಕಿಕೊಂಡು ಕೂತು ನೋಡಿದ್ದರು. ಇದ್ದ ಅರ್ಹತೆ ಅದೊಂದೇ. ಆದರೆ ಶನಿವಾರ ಯಾರ ಮನೆಯಲ್ಲಿ ಊಟಕ್ಕೆ ಸೇರಿದರೂ ಅವರದೇ ಉಪನ್ಯಾಸ. ಕೈಯಲ್ಲಿ ತಟ್ಟೆ ಹಿಡಿದ ಜನ ತಲೆಯಾಡಿಸುತ್ತಿದ್ದರು, ಬಾಯಿ ತುಂಬಿದ್ದವರು ಇನ್ನೇನು ಮಾಡಿಯಾರು.

ನಾವು ಮೈಸೂರಿನಿಂದ ಅಮೆರಿಕದ ಕೆಂಡಲ್ ಪಾರ್ಕಿಗೆ ಬಂದಾಗ ನನಗೆ ಹನ್ನೊಂದು ವರ್ಷ. ಮೈಸೂರಿನಲ್ಲಿ ಮನೆ ಹತ್ತಿರದ ಮೈದಾನದಲ್ಲಿ ನಾನು ವಿಕೆಟ್ ಕೀಪರ್. ದೊಡ್ಡ ಹುಡುಗರು ಕಾರ್ಕ್ ಬಾಲ್ ಎಸೆದರೂ ಕುಕ್ಕರುಗಾಲಲ್ಲಿ ಕೂತು ಹಿಡಿಯುತ್ತಿದ್ದೆ. ಇಲ್ಲಿ ಒಂಬತ್ತನೇ ಕ್ಲಾಸಿಗೆ ಬಂದಾಗ, ಬೇಸ್‌ಬಾಲ್ ಟೀಮಿಗೆ ಹುಡುಗರನ್ನು ಆರಿಸುವ ಟ್ರೈಔಟ್‌ಗೆ ಹೋಗುತ್ತೇನೆ ಅಂದೆ. ಅಪ್ಪ ಮಾಡಿದ ಮೊದಲ ಕೆಲಸ ಈ ಅಂಕಲ್‌ಗೆ ಫೋನ್.

ಮುಂದಿನ ಭಾನುವಾರವೇ ಬಂದರು. ಕಾಫಿ ಕುಡಿದು ಸೋಫಾಗೆ ಒರಗಿ ಹೇಳಿದರು: "ನೋಡು ಮರಿ, ಚೆನ್ನಾಗಿ ಆಡೋರು ಐವತ್ತು ಜನ ಇರ್ತಾರೆ. ಅದು ದೊಡ್ಡ ವಿಷಯ ಅಲ್ಲ. ಕೋಚ್ ಕಣ್ಣಿಗೆ ಬೀಳಬೇಕು, ಅದು ಮುಖ್ಯ."

ಕಣ್ಣಿಗೆ ಬೀಳುವುದು ಹೇಗೆಂದು ಒಂದೊಂದಾಗಿ ಹೇಳಿದರು. ಎಲ್ಲರಿಗಿಂತ ಮುಂಚೆ ಹೋಗಿ ಕೋಚ್ ಕೈ ಕುಲುಕಬೇಕು. ಮೊಣಕಾಲವರೆಗೆ ಕಿತ್ತಳೆ ಬಣ್ಣದ ಸಾಕ್ಸ್ ಹಾಕಬೇಕು. ಚೆಂಡು ಎಲ್ಲಿ ಬಂದರೂ ಹಾರಿ ಬೀಳಬೇಕು, ಅಂಗಿಗೆ ಮಣ್ಣಾದಷ್ಟೂ ಒಳ್ಳೆಯದು. ಯಾವ ಜಾಗದಲ್ಲಿ ಆಡ್ತೀಯ ಅಂದರೆ ಶಾರ್ಟ್‌ಸ್ಟಾಪ್ ಅನ್ನಬೇಕು, ಮೈದಾನದ ನಡುವೆ ನಿಲ್ಲೋದರಿಂದ ಎಲ್ಲರೂ ನೋಡೋದು ಅವನನ್ನೇ.

"ಅವನು ಕೀಪಿಂಗ್ ಮಾಡ್ತಿದ್ದ," ಅಂದರು ಅಮ್ಮ. "ಇದರಲ್ಲೂ ಹಿಂದೆ ಕೂತು ಹಿಡಿಯೋನು ಒಬ್ಬ ಇರ್ತಾನಲ್ಲ?"

"ಕ್ಯಾಚರ್. ಅಯ್ಯೋ, ಬೇಡಮ್ಮ. ಮುಖಕ್ಕೆ ಜಾಲರಿ ಹಾಕ್ಕೊಂಡು ಕೂತಿರೋನು ಯಾರಿಗೆ ಕಾಣ್ತಾನೆ?"

ಅಪ್ಪ ಇದಷ್ಟನ್ನೂ ಫೋನಿನಲ್ಲಿ ಬರೆದುಕೊಂಡರು. ಪ್ರಿನ್ಸ್‌ಟನ್ನಿನ ಔಷಧ ಕಂಪನಿಯಲ್ಲಿ ಒಂದು ಫಲಿತಾಂಶವನ್ನು ಮೂರು ಸಲ ಪರೀಕ್ಷಿಸದೆ ಒಪ್ಪದ ಮನುಷ್ಯ, ಕಿತ್ತಳೆ ಸಾಕ್ಸನ್ನು ಒಂದೇ ಮಾತಿಗೆ ಒಪ್ಪಿದರು. ನಾನೂ ಒಪ್ಪಿದೆ. ನಾಲ್ಕು ವಾರ ಆ ಅಂಕಲ್ ಪಾರ್ಕಿನಲ್ಲಿ ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ಚೆಂಡನ್ನು ಮೆಲ್ಲಗೆ ಉರುಳಿಸಿದರು. ನಾನು ಅದರ ಮೇಲೆ ಬಿದ್ದೆ. ಬೀಳುವುದನ್ನು ಬಹಳ ಚೆನ್ನಾಗಿ ಕಲಿತೆ.

ಮಾರ್ಚ್ ತಿಂಗಳು, ಕಿವಿ ಕೊರೆಯುವ ಗಾಳಿ. ಕಿತ್ತಳೆ ಸಾಕ್ಸಿನಲ್ಲಿ ಅರ್ಧ ಗಂಟೆ ಮುಂಚೆ ಹೋಗಿ ನಿಂತೆ. ಕೋಚ್ ಹಿಸ್ಟರಿ ಪಾಠ ಮಾಡುವ ಮೇಷ್ಟ್ರು, ಸಿಡುಕು ಮುಖ. ಎರಡೂ ಕೈಯಲ್ಲಿ ಬ್ಯಾಟುಗಳ ಚೀಲ ಹಿಡಿದು ಬರುತ್ತಿದ್ದರು. ನಾನು ಅಡ್ಡ ನಿಂತು ಕೈ ಚಾಚಿದೆ. ಅವರು ಚೀಲ ಕೆಳಗಿಟ್ಟು, ನನ್ನ ಕೈ ಕುಲುಕಿ, ಮತ್ತೆ ಚೀಲ ಎತ್ತಿಕೊಂಡು ಹೋದರು. ಕಾರಿನಲ್ಲಿ ಇನ್ನೂ ಚೀಲಗಳಿದ್ದವು. ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದ ಒಬ್ಬ ದಪ್ಪನೆಯ ಹುಡುಗ ಹೋಗಿ ಹೊತ್ತು ತಂದ. ನಾನು ನೋಡುತ್ತಾ ನಿಂತಿದ್ದೆ. ಅಂಕಲ್ ಹೇಳಿದ್ದರಲ್ಲಿ ಚೀಲ ಹೊರುವುದು ಇರಲಿಲ್ಲ.

ಶಾರ್ಟ್‌ಸ್ಟಾಪ್ ಅಂದವರ ಸಾಲಿನಲ್ಲಿ ನನ್ನನ್ನೂ ಸೇರಿಸಿ ಹನ್ನೊಂದು ಜನ. ಅವರಲ್ಲಿ ಕೆಲವರು ಐದು ವರ್ಷದಿಂದ ಅದೊಂದನ್ನೇ ಆಡುತ್ತಿದ್ದವರು. ನನ್ನ ಸರದಿ ಬಂದಾಗ ಚೆಂಡು ನೇರ ನನ್ನ ಕಡೆಗೇ ಉರುಳಿ ಬಂತು. ನಾನು ಪಕ್ಕಕ್ಕೆ ಹಾರಿ ಬಿದ್ದು ಹಿಡಿದೆ. ಎದ್ದು ಎಸೆಯುವಷ್ಟರಲ್ಲಿ ಓಡುವವನು ಔಟಾಗದೆ ಬೇಸ್ ಮುಟ್ಟಿ ನಿಂತಿದ್ದ.

"ಚೆಂಡು ನಿನ್ನ ಹತ್ತಿರವೇ ಬರ್ತಿತ್ತು. ಯಾಕೆ ಮಲಗಿದೆ?" ಕೋಚ್ ಕೇಳಿದರು.

ಹುಡುಗರು ನಕ್ಕರು. ಮುಂದಿನ ಚೆಂಡಿಗೂ ಬಿದ್ದೆ. ಅಷ್ಟು ಅಭ್ಯಾಸವಾಗಿಹೋಗಿತ್ತು.

ಎರಡನೇ ದಿನ ಅಂಕಲ್ ಕುರ್ಚಿ ಸಮೇತ ಬಂದು ಬೇಲಿಯ ಆಚೆ ಅಪ್ಪನ ಪಕ್ಕ ಕೂತರು. ಆವತ್ತು ಇದ್ದ ಇಬ್ಬರು ಕ್ಯಾಚರ್‌ಗಳಲ್ಲಿ ಒಬ್ಬನ ಮಣಿಕಟ್ಟು ಉಳುಕಿತು. ಕೋಚ್ ಎಲ್ಲರನ್ನೂ ಕರೆದು ಕೇಳಿದರು: "ಹಿಂದೆ ಕೂತು ಹಿಡಿಯೋಕೆ ಯಾರಿಗೆ ಬರತ್ತೆ? ಸುಮಾರಾಗಿ ಬಂದರೂ ಸಾಕು."

ಯಾರೂ ಕೈ ಎತ್ತಲಿಲ್ಲ. ಉಳಿದ ಹುಡುಗರಲ್ಲಿ ಆ ಕೆಲಸ ಗೊತ್ತಿದ್ದವನು ನಾನೊಬ್ಬನೇ ಇರಬೇಕು. ನಾನು ಬೇಲಿಯ ಕಡೆ ನೋಡಿದೆ. ಅಂಕಲ್ ಬೇಡ ಎನ್ನುವಂತೆ ಕೈಯಾಡಿಸಿದರು. ನಾನು ಬೂಟಿನ ಲೇಸು ಬಿಗಿ ಮಾಡಿಕೊಳ್ಳುವವನಂತೆ ಬಗ್ಗಿದೆ.

ಆ ದಪ್ಪನೆಯ ಹುಡುಗ ಕೈ ಎತ್ತಿದ. ಅವನಿಗೆ ಏನೂ ಬರುತ್ತಿರಲಿಲ್ಲ. ಅರ್ಧಕ್ಕರ್ಧ ಚೆಂಡು ಎದೆಗೆ, ತೊಡೆಗೆ ಬಡಿದು ಚಿಮ್ಮುತ್ತಿತ್ತು. ಪ್ರತಿ ಸಲವೂ ಎದ್ದು ಓಡಿ ತಂದು, ಚೆಂಡು ಹಾಕುವ ಪಿಚರ್‌ಗೆ ಎಸೆದು ಮತ್ತೆ ಕೂರುತ್ತಿದ್ದ. ಅವನ ಮಂಡಿ ಎಷ್ಟು ತಪ್ಪಾಗಿ ಹೊರಳಿದೆ ಎಂದು ನನಗೆ ದೂರದಿಂದಲೇ ಕಾಣುತ್ತಿತ್ತು. ಮತ್ತೆ ಶಾರ್ಟ್‌ಸ್ಟಾಪ್ ಸಾಲಿಗೆ ಹೋಗಿ ನಿಂತೆ.

ಎರಡು ದಿನದ ನಂತರ ಪಟ್ಟಿ ಬಂತು. ಅವನಿದ್ದ, ನಾನಿರಲಿಲ್ಲ.

"ಎಲ್ಲಾ ಪಾಲಿಟಿಕ್ಸು," ಅಂದರು ಅಂಕಲ್, ನಮ್ಮ ಮನೆಯಲ್ಲೇ ಚಪಾತಿ ಮುರಿಯುತ್ತಾ. "ನಮ್ಮೋರನ್ನ ತಗೊಳಲ್ಲ ಅವರು."

"ಇಬ್ಬರು ಇಂಡಿಯನ್ ಹುಡುಗರು ಇದಾರೆ ಅಂಕಲ್," ಅಂದೆ.

"ಅವರು ಬೇರೆ ಬಿಡು."

ಹೇಗೆ ಬೇರೆ ಎಂದು ಅಪ್ಪ ಕೇಳಲಿಲ್ಲ. ಇನ್ನೊಂದು ಚಪಾತಿ ಬಡಿಸಿದರು.

ಮಾರನೇ ದಿನ ನಾನೇ ಕೋಚ್ ಹತ್ತಿರ ಹೋಗಿ ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಕೇಳಿದೆ. ಅವರು ಪೇಪರ್ ತಿದ್ದುತ್ತಿದ್ದವರು ತಲೆ ಎತ್ತಲಿಲ್ಲ. "ಎರಡು ದಿನ ನಿನ್ನನ್ನು ನೋಡಿದೆ. ನಿನಗೆ ಆಡೋಕೆ ಬರತ್ತೋ ಇಲ್ಲವೋ ಗೊತ್ತಾಗಲೇ ಇಲ್ಲ." ಮೈಸೂರಿನಲ್ಲಿ ಕೀಪಿಂಗ್ ಮಾಡುತ್ತಿದ್ದೆ, ಅದು ಕ್ಯಾಚರ್ ಕೆಲಸವೇ ಅಂದೆ. ಆಗ ಪೆನ್ನು ಕೆಳಗಿಟ್ಟರು. "ಕೇಳಿದೆನಲ್ಲ. ಆಗ ಎಲ್ಲಿದ್ದೆ?"

ಈ ಕೋಚ್ ದೊಡ್ಡ ಮನುಷ್ಯರೇನಲ್ಲ. ಪಟ್ಟಿಯ ಅರ್ಧ ಹೆಸರು ಅವರೇ ಬೇಸಿಗೆಯಲ್ಲಿ ನಡೆಸುವ ಟೀಮಿನ ಹುಡುಗರದು, ಟ್ರೈಔಟ್‌ಗೆ ಮೊದಲೇ ಅವರ ತಲೆಯಲ್ಲಿ ಬರೆದಾಗಿತ್ತು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಉಳಿದ ಅರ್ಧದಲ್ಲಿ ಜಾಗವಿತ್ತು. ಅದನ್ನು ಕಳೆದದ್ದು ಅವರಲ್ಲ.

ಆ ಸಂಜೆಯೇ ಆ ದಪ್ಪನೆಯ ಹುಡುಗನನ್ನು ಹುಡುಕಿಕೊಂಡು ಹೋಗಿ, ಕೂರುವುದು ಹೇಗೆಂದು ತೋರಿಸಿದೆ. ಅವನು ಬೇಸ್‌ಬಾಲ್ ಗ್ಲೋವಿನಲ್ಲಿ ಹಿಡಿಯುವುದು ತೋರಿಸಿದ. ಬೇಸಿಗೆ ಪೂರ್ತಿ ಅಮ್ಮ ನನ್ನನ್ನು ಅವನ ಮನೆಗೆ ಬಿಟ್ಟು ಹೋಗುತ್ತಿದ್ದರು. ಮರುವರ್ಷದ ಟ್ರೈಔಟ್‌ನಲ್ಲಿ ಕೋಚ್ ಕೇಳಿದಾಗ ಕ್ಯಾಚರ್ ಅಂದೆ. ಆ ಸಾಲಿನಲ್ಲಿ ಮೂರೇ ಜನ. ಜೂನಿಯರ್ ಟೀಮಿಗೆ ಎರಡನೇ ಕ್ಯಾಚರ್ ಆಗಿ ತೆಗೆದುಕೊಂಡರು.

ಸುದ್ದಿ ಓಲ್ಡ್ ಬ್ರಿಡ್ಜ್ ತಲುಪಿತು. ಮುಂದಿನ ಶನಿವಾರದ ಊಟದಲ್ಲಿ ಅಂಕಲ್ ನನ್ನ ಭುಜದ ಮೇಲೆ ಕೈಯಿಟ್ಟು, "ನಾನೇ ಟ್ರೈನ್ ಮಾಡಿದ್ದು," ಅಂತ ಇಡೀ ಕೋಣೆಗೆ ಹೇಳಿದರು. ಅಪ್ಪ ನಕ್ಕರು.

"ಇವರು ನನಗೆ ಬೀಳೋದು ಕಲಿಸಿದ್ದು," ಅಂದೆ. "ಬೇರೆ ಏನೂ ಕಲಿಸಲಿಲ್ಲ."

ಅಂಕಲ್ ನನ್ನ ಭುಜದಿಂದ ಕೈ ತೆಗೆದರು.

"ದೊಡ್ಡವರ ಹತ್ತಿರ ಹೀಗಾ ಮಾತಾಡೋದು?" ಕಾರಿನಲ್ಲಿ ಅಪ್ಪ ಕೇಳಿದರು.

"ಸುಳ್ಳು ಹೇಳಿದನಾ?" ಅಮ್ಮ ಕೇಳಿದರು.

ಆಮೇಲೆ ಅಂಕಲ್ ನಮ್ಮ ಮನೆಗೆ ಬರುವುದು ನಿಂತಿತು. ಅಪ್ಪನಿಗೆ ಕೆಲವು ತಿಂಗಳು ಬೇಜಾರಿತ್ತು, ಅಮ್ಮನಿಗೆ ಒಂದು ದಿನವೂ ಇರಲಿಲ್ಲ. ನಾನು ಆ ಸೀಸನ್ ಬಹುಪಾಲು ಬೆಂಚಿನಲ್ಲಿದ್ದೆ. ಆಟಕ್ಕೆ ಮೊದಲು ಮೈದಾನದ ಮೂಲೆಯಲ್ಲಿ ಕೂತು ಪಿಚರ್‌ಗಳ ಚೆಂಡು ಹಿಡಿದುಕೊಡುವುದು ನನ್ನ ಕೆಲಸ. ಎಡಗೈ ಹೆಬ್ಬೆರಳು ಊದಿಕೊಂಡು ಪೆನ್ಸಿಲ್ ಡಬ್ಬಿ ತೆಗೆಯಲೂ ಆಗುತ್ತಿರಲಿಲ್ಲ. ಅಮ್ಮ ಬೆಳಿಗ್ಗೆ ಅದಕ್ಕೆ ಐಸ್ ಕಟ್ಟಿ ಬಸ್ಸಿಗೆ ಕಳಿಸುತ್ತಿದ್ದರು.