ಹಾಳೆಯಲ್ಲಿ ಇಲ್ಲದ ಪೆಟ್ಟು

ಎಂ.ಎ. ಓದುವಾಗ, ವಿಜಯನಗರದಲ್ಲಿದ್ದ ನಮ್ಮ ಕಾಲೇಜಿನ ಕಬಡ್ಡಿ ಪಂದ್ಯಗಳಿಗೆ ಅಂಕ ಬರೆಯುತ್ತಿದ್ದೆ. ಔಟಾದವರ ಸಾಲನ್ನೂ ನಾನೇ ಬರೆಯಬೇಕು. ತಂಡಕ್ಕೆ ಪಾಯಿಂಟ್ ಸಿಕ್ಕರೆ ಮೊದಲು ಔಟಾದವರು ಮೊದಲು ಒಳಗೆ ಬರುತ್ತಾರೆ. ಕರೆಯುವವಳೂ ನಾನೇ.

ಸೆಮಿಫೈನಲ್‌ನಲ್ಲಿ ನಮ್ಮ ರೈಡರ್, ಹಾಸ್ಟೆಲಿನಲ್ಲಿದ್ದ ವಿಜಯಪುರದ ಕಡೆಯ ಹುಡುಗಿ, ಅಂಕಣದ ಅಂಚಿನ ಗೆರೆಯ ಹತ್ತಿರ ತಿರುಗಿದಳು. ಎದುರಾಳಿಯೊಬ್ಬಳು ತಲೆ ಬಗ್ಗಿಸಿ ಓಡಿಬಂದು ಗುದ್ದಿದಳು. ತಲೆಗೆ ತಲೆ ತಾಗಿದ ಸದ್ದು ನನ್ನ ಮೇಜಿನವರೆಗೆ ಕೇಳಿಸಿತು. ಅಂಪೈರ್ ಗುದ್ದಿದವಳಿಗೆ ಎಚ್ಚರಿಕೆ ಕೊಟ್ಟು, ಗೆರೆಯಾಚೆ ಬಿದ್ದ ನಮ್ಮವಳನ್ನು ಔಟ್ ಎಂದರು.

ಸ್ವಲ್ಪ ಹೊತ್ತಿಗೆ ನಮಗೊಂದು ಪಾಯಿಂಟ್ ಬಂತು. ಸಾಲಿನಲ್ಲಿ ಅವಳೇ ಮೊದಲು. ಕರೆದೆ. ಅವಳು ಎದ್ದು ಎದುರಾಳಿಗಳ ಅಂಕಣದ ಕಡೆ ನಾಲ್ಕು ಹೆಜ್ಜೆ ನಡೆದು, ನಿಂತು, ನಕ್ಕು ಹಿಂದಿರುಗಿದಳು.

ಪಂದ್ಯ ಗೆದ್ದ ಮೇಲೆ ನನ್ನ ಬಳಿ ಬಂದಳು. "ನಾ ಆ ಕಡೆ ಹೋಗಿದ್ದು ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ನಾಳೆ ಯೂನಿವರ್ಸಿಟಿ ಟೀಮಿಗೆ ಆರಿಸೋರು ಬರ್ತಾರ."

ಮರುದಿನ ಬೆಳಗ್ಗೆ ಕೋಚ್‌ಗಳು ಸೇರಿದರು. ತಲೆಯಿಂದ ಗುದ್ದಿದವರನ್ನು ಇಡೀ ಪಂದ್ಯದಿಂದ ಹೊರಗೆ ಹಾಕಬೇಕು, ಪೆಟ್ಟು ತಿಂದವರು ಡಾಕ್ಟರ್ ನೋಡದೆ ಆಡಬಾರದು ಎಂಬುದು ನಮ್ಮ ಕೋಚ್ ಮೇಡಂ ವಾದ.

"ಇದು ಕಬಡ್ಡಿ ಮೇಡಂ, ಕೇರಂ ಅಲ್ಲ," ಎಂದರು ಒಬ್ಬ ಕೋಚ್. ಎಲ್ಲರೂ ನಕ್ಕರು.

"ಕೇರಂ ಆಡೋರು ತಲೆಲಿ ಹೊಡೆಯಲ್ಲ ಸಾರ್."

"ಬೇಕಂತ ಹೊಡೆದ್ಲೋ, ಜಾರಿ ಹೊಡೆದ್ಲೋ, ಯಾರು ಹೇಳ್ತಾರೆ? ಆ ಹುಡುಗಿ ಎದ್ದು ಆಡಿದ್ಲಲ್ಲ!" ಅವರು ನನ್ನತ್ತ ತಿರುಗಿದರು. "ಏನಮ್ಮಾ, ನಿಮ್ಮ ಹಾಳೇಲಿ ಏನಿದೆ?"

ನನ್ನ ಹಾಳೆಯಲ್ಲಿ ಔಟಾದ ಹೊತ್ತು, ಒಳಗೆ ಬಂದ ಹೊತ್ತು ಇದ್ದವು. ನಾಲ್ಕು ಹೆಜ್ಜೆಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಇದ್ದದ್ದನ್ನು ಓದಿ ಕೂತೆ. ಮೇಡಂ ನನ್ನನ್ನೇ ನೋಡುತ್ತಿದ್ದರು. ನಿಯಮದ ಮಾತು ಮುಂದಿನ ವರ್ಷಕ್ಕೆ ಹೋಯಿತು.

ಸಂಜೆ ನಾಲ್ಕಕ್ಕೆ ಫೈನಲ್. ಅತ್ತಿಗುಪ್ಪೆಯ ಕಡೆ ಮೆಟ್ರೋ ಹೋದ ಸದ್ದಿಗೆ ನಮ್ಮ ರೈಡರ್ ಎರಡೂ ಕಿವಿ ಮುಚ್ಚಿಕೊಂಡಳು. ಟಾಸ್ ಆಗಿತ್ತು, ತಂಡ ಆಗಲೇ ಅಂಕಣದಲ್ಲಿತ್ತು. ಅವಳೊಬ್ಬಳು ನನ್ನ ಮೇಜಿನ ಬಳಿ ನಿಂತಿದ್ದಳು.

"ಅಕ್ಕಾರ, ನಾವು ಯಾ ಕಡೆ ನಿಂದ್ರಬೇಕ್ರಿ?"

ಅದನ್ನು ಆಗಷ್ಟೇ ಒಮ್ಮೆ ಕೇಳಿದ್ದಳು, ಹೇಳಿದ್ದೆ. ಮೇಡಂ ಹತ್ತು ಹೆಜ್ಜೆ ದೂರದಲ್ಲಿದ್ದರು. ನಾನು ಪೆನ್ನಿನಿಂದ ಎಡಗಡೆ ತೋರಿಸಿದೆ. ಅವಳು ಹೋದಳು. ಮೊದಲ ರೈಡ್ ಅವಳದೇ.